ಉಂಡಿಯ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು?

ಪಂಚಮಿ ಉಂಡಿಯ ಬಗ್ಗೆ ಏನೋ ಬರೆದಿದ್ದಾನೆ ಅಂದುಕೊಂಡು ಬಂದವರಿಗೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ತಿನ್ನೋ ಉಂಡಿ ಅಲ್ಲ. ಅಮೆರಿಕದ ಡಲ್ಲಾಸ್ ಹತ್ತಿರ ಇರುವ ನನ್ನ ತಂಗಿಯ ಮನೆಯಲ್ಲಿ ಒಂದು ಹಾವಿದೆ, ಅದರ ಹೆಸರು ಉಂಡಿ. ಬಾಲ್ ಪೈಥಾನ್ ಅನ್ನುವ ಜಾತಿ. ಹೆಬ್ಬಾವಿನ ಕುಲವೇ ಹೌದು, ಆದರೆ ಸಿನಿಮಾದಲ್ಲಿ ಮನುಷ್ಯರನ್ನು ನುಂಗುವಂಥದ್ದಲ್ಲ. ಘಾನಾ, ಟೋಗೊ, ಬೆನಿನ್ ಕಡೆಯದು. ಇಲಿಬಿಲಗಳಲ್ಲಿ, ಗೆದ್ದಲ ಹುತ್ತಗಳಲ್ಲಿ ಇರುತ್ತದೆ. ಹೆದರಿದರೆ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ನನ್ನ ಸೋದರಳಿಯ ಅದನ್ನು ಮೊದಲ ಸಲ ನೋಡಿದಾಗ ಅದು ಹಾಗೇ ಸುತ್ತಿಕೊಂಡು ಕೂತಿತ್ತಂತೆ. ನಮ್ಮ ಅವ್ವ ಪಾರ್ಸಲ್ ಕಳಿಸುವ ಶೇಂಗಾ ಉಂಡಿ ನೆನಪಾಗಿ "ಉಂಡಿ!" ಅಂದನಂತೆ. ಅದೇ ಹೆಸರಾಯಿತು.

2023ರ ಯುಗಾದಿಯ ಹೊತ್ತಿಗೆ ಅದು ಮನೆಗೆ ಬಂತು. ಹುಡುಗನಿಗೆ ಆಗ ಹನ್ನೆರಡು. ಎರಡು ವರ್ಷ ಬೆನ್ನು ಹತ್ತಿ ಅಪ್ಪ ಅಮ್ಮನನ್ನು ಒಪ್ಪಿಸಿದ್ದ. ನಾಯಿ ಸಾಕಲು ಅವರ ಅಪಾರ್ಟ್‌ಮೆಂಟಿನಲ್ಲಿ ಬಿಡುವುದಿಲ್ಲ, ಬೆಕ್ಕಿನ ಕೂದಲು ತಂಗಿಗೆ ಆಗುವುದಿಲ್ಲ. ಹಾವಿಗೆ ಕೂದಲೂ ಇಲ್ಲ, ಬೊಗಳುವುದೂ ಇಲ್ಲ ಅಂತ ಅವನ ವಾದ. ವಕೀಲ ಆಗ್ತಾನೆ ಬಿಡಿ :)

ಬಂದಾಗ ಉಂಡಿ ಒಂದೂಕಾಲು ಅಡಿ. ಅಂಗಡಿಯವರು ಇಪ್ಪತ್ತು ಗ್ಯಾಲನ್ನಿನ ಒಂದು ಗಾಜಿನ ತೊಟ್ಟಿ ಕೊಟ್ಟಿದ್ದರು. ಅಲ್ಲಿ ಹಾವಿನ ಮನೆಯನ್ನೂ ಗ್ಯಾಲನ್ನಿನಲ್ಲೇ ಅಳೆಯುತ್ತಾರೆ, ಮೀನಿನ ತೊಟ್ಟಿಯ ಲೆಕ್ಕ. ನೆಲದ ಮೇಲೆ ಹರಿದಾಡುವ ಪ್ರಾಣಿಗೆ ನೀರಿನ ಅಳತೆ! ಇಪ್ಪತ್ತು ಗ್ಯಾಲನ್ ಅಂದರೆ ಮೂವತ್ತು ಇಂಚು ಉದ್ದ, ಹನ್ನೆರಡು ಇಂಚು ಅಗಲ, ಅಷ್ಟೇ ಎತ್ತರ. ನಮ್ಮ ಕಡೆ ಲೆಕ್ಕದಲ್ಲಿ ಒಂದೂಮುಕ್ಕಾಲು ಮೊಳಕ್ಕೆ ಚೂರು ಕಡಿಮೆ.

ಒಂದು ವರ್ಷ ಎಲ್ಲ ಚೆನ್ನಾಗೇ ಇತ್ತು. ಆಮೇಲೆ ಬಂತು ನನ್ನ ಪಾಲಿನ ಕಥೆ.

2024ರ ಆಗಸ್ಟ್ 9, ಶುಕ್ರವಾರ, ನಾಗರ ಪಂಚಮಿ. ಶಹಾಪುರದ ನಮ್ಮ ಮನೆಯಲ್ಲಿ ಅವ್ವ ಮಣ್ಣಿನ ನಾಗಪ್ಪನಿಗೆ ಹಾಲೆರೆದು, ಅಳ್ಳು ಉಂಡಿ ಇಟ್ಟು ಕೈಮುಗಿದು, ಮೇಲೆ ಮಲಗಿದ್ದಳು. ಸಂಜೆ ತಂಗಿಯ ವಿಡಿಯೋ ಕಾಲ್. ಅವಳ ದನಿ ಸಣ್ಣಗಿತ್ತು.

"ಅಣ್ಣಾ, ಅವ್ವ ಹತ್ರ ಇದ್ದಾಳೇನ?"

"ಇಲ್ಲ, ಮಲಗ್ಯಾಳ. ಯಾಕ?"

"ನೀನರ ಇವಂಗ ಒಂದ್ ಮಾತ್ ಹೇಳು. ನನ್ ಮಾತ್ ಕೇಳೂದಿಲ್ಲ ಅಂವ. ಹಾಂವಿಗೆ ನಾಕ್ ಫೂಟಿನ ಪೆಟಗಿ ಬೇಕಂತ. ಅಕ್ಟೋಬರ್‌ದಾಗ ಅವ್ವ ಬರಾಕಿ. ಇರೂದ ಎರಡ ರೂಮು. ಅವ್ವನ ಮಂಚ ಹಾಕ್ಲೋ, ಹಾಂವಿನ ಮನಿ ಇಡ್ಲೋ?"

ಇಲ್ಲಿ ಒಂದು ವಿಷಯ ಹೇಳಬೇಕು. ಮಗಳ ಮನೆಯಲ್ಲಿ ಹಾವಿದೆ ಅನ್ನುವುದು ಅವ್ವನಿಗೆ ಗೊತ್ತೇ ಇರಲಿಲ್ಲ. ಒಂದೂವರೆ ವರ್ಷ ಮುಚ್ಚಿಟ್ಟಿದ್ದೆವು. ಒಮ್ಮೆ ಕ್ಯಾಮರಾದಲ್ಲಿ ಗಾಜಿನ ತೊಟ್ಟಿ ಕಂಡಾಗ ಮೀನು ಅಂದಿದ್ದೆವು.

ನಾನು ಹುಡುಗನನ್ನು ಕರೆದೆ. ಅವನು ಬಂದು ನಿಂತ. "ಮಾಮಾ, ಉಂಡಿ ಈಗ ಟ್ಯಾಂಕಿಗಿಂತ ಉದ್ದ ಆಗ್ಯಾಳ. ಸ್ಟ್ರೇಟ್ ಆಗಿ ಮಲಗಾಕ ಆಗೂದಿಲ್ಲ." ನಾನು ಬಾಯಲ್ಲಿ ಬೇಸನ್ ಉಂಡಿ ಇಟ್ಟುಕೊಂಡು, ದೊಡ್ಡವನ ಗತ್ತಿನಲ್ಲಿ ಹೇಳಿಬಿಟ್ಟೆ, "ಅಲ್ಲೋ, ಮೀನಾಗಲಿ ಹಾಂವಾಗಲಿ, ಜಾಗಾ ನೋಡಿ ಬೆಳೀತಾವ. ದೊಡ್ಡ ಪೆಟಗಿ ಕೊಟ್ರ ದೊಡ್ಡದಾಗ್ತದ, ಸಣ್ಣದು ಕೊಟ್ರ ಸಣ್ಣದ ಇರ್ತದ. ಸುಮ್ನ ಯಾಕ ರೊಕ್ಕ ಹಾಳು?"

ನನಗೆ ಹಾಗಂತ ಯಾರು ಹೇಳಿದ್ದರು? ಯಾರೂ ಇಲ್ಲ. ಎಲ್ಲೋ ಕೇಳಿದ ನೆನಪು, ನಾಲಿಗೆಗೆ ಬಂತು. ಹುಡುಗ ಎರಡು ಕ್ಷಣ ಸುಮ್ಮನಿದ್ದ. "ಓಕೆ ಮಾಮಾ" ಅಂದ. ಅಪ್ಪ ಅಮ್ಮ ಹೇಳಿದ್ದರೆ ಜಗಳವಾಡುತ್ತಿದ್ದ. ಮಾಮಾ ಹೇಳಿದ್ದಕ್ಕೆ ಕೇಳಿದ. ಈಗಲೂ ಅದೇ ಚುಚ್ಚುತ್ತದೆ.

ಸೆಪ್ಟೆಂಬರ್ ಮಧ್ಯದಲ್ಲಿ ವಾಟ್ಸಾಪಿಗೆ ಒಂದು ಫೋಟೋ ಬಂತು. ಕೆಳಗೆ ಏನೂ ಬರೆದಿರಲಿಲ್ಲ. ಉಂಡಿಯ ಮೂತಿ. ತುದಿಯಲ್ಲಿ ಚರ್ಮ ಕಿತ್ತು ಕೆಂಪಾಗಿತ್ತು. ರಾತ್ರಿಯೆಲ್ಲ ಮೇಲಿನ ಜಾಳಿಗೆಗೆ ಮೂತಿ ತಿಕ್ಕಿ ತಿಕ್ಕಿ ಹಾಗಾಗಿತ್ತು. ಎರಡು ವಾರದಿಂದ ಊಟವನ್ನೂ ಬಿಟ್ಟಿತ್ತು. ಪೊರೆ ಬಿಟ್ಟಾಗ ಒಂದೇ ತುಂಡಾಗಿ ಬರದೆ ಚೂರು ಚೂರಾಗಿ ಬಂದಿತ್ತು. ಡಾಕ್ಟರು ಮುಲಾಮು ಕೊಟ್ಟು, ಎಷ್ಟು ದೊಡ್ಡ ತೊಟ್ಟಿಯಲ್ಲಿ ಇಟ್ಟಿದ್ದೀರಿ ಅಂತ ಮೊದಲು ಕೇಳಿದರಂತೆ. ಹುಡುಗ ನನ್ನ ಹೆಸರು ಹೇಳಲಿಲ್ಲವಂತೆ. ತಂಗಿ ಹೇಳಿದಳು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹಾವಿನ ಮೂತಿಗಿಂತ ಬೇರೇನೋ ನೆನಪಾಗುತ್ತಿತ್ತು.

ನಾವು ಸಣ್ಣವರಿದ್ದಾಗ ಶಹಾಪುರ ಅಂದರೆ ಮಗ್ಗದ ಸಪ್ಪಳ. ಅಪ್ಪನೂ ಮಗ್ಗದ ಮೇಲೇ. ಓಣಿ ದಾಟಿ ಒಂದಿಷ್ಟು ನಡೆದರೆ ಬಳ್ಳಾರಿ ನಾಲಾ, ಅದರ ಆಚೆ ಈಚೆ ಭತ್ತದ ಗದ್ದೆ. ಮಳೆಗಾಲದಲ್ಲಿ ನಾಲಾ ಉಕ್ಕಿದರೆ ಗದ್ದೆಯೆಲ್ಲ ನೀರು, ನೀರಿನ ತುಂಬ ಕಪ್ಪೆ, ಕಪ್ಪೆಯ ಹಿಂದೆ ಹಾವು. ನನಗೆ ಹತ್ತು, ತಂಗಿಗೆ ಏಳು ಇರಬೇಕು. ಒಂದು ಗೇಣು ಉದ್ದದ ನೀರಹಾವಿನ ಮರಿ ಸಿಕ್ಕಿತು. ವಿಷ ಇಲ್ಲದ್ದು ಅಂತ ಗದ್ದೆಯ ಅಜ್ಜ ಹೇಳಿದ. ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗ್ಗದ ಕುಣಿಯ ಮೂಲೆಯಲ್ಲಿ ಅಪ್ಪನಿಗೆ ಕಾಣದ ಹಾಗೆ ಇಟ್ಟೆವು. ತಂಗಿ ದಿನಾ ಪುಟ್ಟ ಪುಟ್ಟ ಕಪ್ಪೆಮರಿ ತಂದು ಹಾಕುತ್ತಿದ್ದಳು. ಅದು ಒಂದನ್ನೂ ಮುಟ್ಟಲಿಲ್ಲ. ಬಾಟಲಿಯ ಗೋಡೆಗುಂಟ ಏರುವುದು, ಜಾರುವುದು, ಮತ್ತೆ ಏರುವುದು. ನಮಗೆ ಅದು ಆಟ ಅನ್ನಿಸಿತ್ತು. ಎಂಟೋ ಒಂಬತ್ತೋ ದಿನಕ್ಕೆ ತಳದಲ್ಲಿ ಸುರುಳಿ ಸುತ್ತಿಕೊಂಡು ಸತ್ತಿತ್ತು. ನುಗ್ಗೆಗಿಡದ ಬುಡದಲ್ಲಿ ಹೂತೆವು. ಅಷ್ಟೇ. ಮತ್ತೆಂದೂ ಆ ಮಾತು ಎತ್ತಿರಲಿಲ್ಲ.

(ಈಗಿನ ಹುಡುಗರು ಯಾರಾದರೂ ಓದುತ್ತಿದ್ದರೆ, ದಯವಿಟ್ಟು ಇದನ್ನು ಮಾಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕೇರೆ, ನಾಗರ, ನೀರಹಾವು, ಮಣ್ಣುಮುಕ್ಕ ಯಾವುದನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ. ವಿದೇಶದ ಬಾಲ್ ಪೈಥಾನಿನಂಥವನ್ನು ಇಟ್ಟುಕೊಂಡವರೂ 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹಾಗಿದ್ದೂ ಕಳ್ಳದಾರಿಯಲ್ಲಿ ತರುವವರಿದ್ದಾರೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದವನೊಬ್ಬನ ಬ್ಯಾಗಿನಲ್ಲಿ ಹತ್ತು ಹಳದಿ ಅನಕೊಂಡ ಸಿಕ್ಕವು. ಬ್ಯಾಗಿನಲ್ಲಿ!)

ಬೆಳಿಗ್ಗೆ ಎದ್ದು ಓದಲು ಕೂತೆ. ಒಂದು ವಾರ ಅದೇ ಕೆಲಸ. ಮೊದಲು ನನ್ನ ಮಾತೇ ಸುಳ್ಳು ಅಂತ ಖಾತ್ರಿಯಾಯಿತು. ಹಾವು ಪೆಟ್ಟಿಗೆ ನೋಡಿ ಬೆಳೆಯುವುದಿಲ್ಲ. ತಿಂದ ಊಟ, ಸಿಕ್ಕ ಬಿಸಿ, ಗಂಡೋ ಹೆಣ್ಣೋ, ಹುಟ್ಟಿನ ಗುಣ, ಇವುಗಳ ಮೇಲೆ ಬೆಳೆಯುತ್ತದೆ. ಉಪವಾಸ ಕೆಡವಿದರೆ ಕುಳ್ಳಾಗಬಹುದು, ಆದರೆ ಅದು ಬೆಳವಣಿಗೆ ನಿಂತದ್ದಲ್ಲ, ನಾವು ನಿಲ್ಲಿಸಿದ್ದು. ಬಾಲ್ ಪೈಥಾನಿನಲ್ಲಿ ಗಂಡು ಸಾಧಾರಣವಾಗಿ ಮೂರಡಿಯ ಆಚೀಚೆ, ಹೆಣ್ಣು ನಾಲ್ಕರಿಂದ ಐದಡಿ. ಉಂಡಿ ಹೆಣ್ಣು.

ಇನ್ನು ಪೆಟ್ಟಿಗೆಯ ಲೆಕ್ಕ. ಹಳೆಯ ಸೂತ್ರ ಒಂದಿದೆ: ಪೆಟ್ಟಿಗೆಯ ಉದ್ದ ಅಗಲ ಕೂಡಿಸಿದರೆ ಹಾವಿನ ಉದ್ದ ಬಂದರೆ ಸಾಕು. ಎಂದರೆ ಹಾವು ಮೂಲೆ ತಿರುಗಿಕೊಂಡೇ ಇರಬೇಕು. ಹಾವಿಗೆ ಸುತ್ತಿಕೊಳ್ಳುವುದೇ ಇಷ್ಟ, ನೆಟ್ಟಗೆ ಯಾಕೆ ಮಲಗಬೇಕು ಅನ್ನುವುದು ಆ ಸೂತ್ರದವರ ಮಾತು. ಆದರೆ 2019ರಲ್ಲಿ ಕ್ಲಿಫರ್ಡ್ ವಾರ್ವಿಕ್ ಮತ್ತು ಸಂಗಡಿಗರು ಹಾವುಗಳನ್ನು ಗಮನಿಸಿ ಒಂದು ಪ್ರಬಂಧ ಬರೆದರು. ಹಾವುಗಳು ಅವಕಾಶ ಸಿಕ್ಕರೆ ನೆಟ್ಟಗೆ ಚಾಚಿಕೊಳ್ಳುತ್ತವೆ, ಹಾಗೆ ಚಾಚಿಕೊಳ್ಳುವಷ್ಟು ಜಾಗ ಕೊಡಲೇಬೇಕು ಅಂತ. ಈಗ ಬಹಳ ಜನ ಸಾಕುವವರು ಹೇಳುವುದು ಇದನ್ನೇ: ಪೆಟ್ಟಿಗೆಯ ಉದ್ದ ಕಡೇಪಕ್ಷ ಹಾವಿನ ಉದ್ದದಷ್ಟಿರಲಿ. ದೊಡ್ಡ ಬಾಲ್ ಪೈಥಾನಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಹುಡುಗ ಕೇಳಿದ್ದೂ ಅದನ್ನೇ ಅಲ್ಲವಾ...

ನನಗೆ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿದ ಕಾರಣ ಬಿಸಿಯದ್ದು. ಹಾವಿಗೆ ನಮ್ಮ ಹಾಗೆ ಮೈಯೊಳಗೆ ಒಲೆ ಇಲ್ಲ. ಬಿಸಿ ಬೇಕಾದರೆ ಬಿಸಿ ಇದ್ದಲ್ಲಿಗೆ ಹೋಗಬೇಕು, ತಂಪು ಬೇಕಾದರೆ ಅತ್ತ ಸರಿಯಬೇಕು. ಉಂಡಿಗೆ ಒಂದು ತುದಿ 32 ಡಿಗ್ರಿ, ಇನ್ನೊಂದು ತುದಿ 25-26 ಇರಬೇಕು. ಸಣ್ಣ ತೊಟ್ಟಿಯಲ್ಲಿ ದೀಪ ಹಾಕಿದರೆ ಹತ್ತು ನಿಮಿಷಕ್ಕೆ ಎಲ್ಲ ಕಡೆ ಒಂದೇ ಬಿಸಿ. ಊಟ ಮಾಡಿ ಅರಗಿಸಿಕೊಳ್ಳಲು ಬಿಸಿಗೆ ಹೋಗಿ ಆಮೇಲೆ ತಂಪಿಗೆ ಬರೋಣ ಅಂದರೆ ತಂಪೇ ಇಲ್ಲ. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಿ ಮಗ್ಗದ ಮೇಲೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಜಾಳಿಗೆಯಿಂದ ತೇವವೆಲ್ಲ ಹಾರಿಹೋಗುತ್ತದೆ, ಅದಕ್ಕೇ ಪೊರೆ ಚೂರಾಗಿದ್ದು.

ಇದಕ್ಕೆ ಎದುರು ಮಾತೂ ಉಂಟು. ತಂಗಿ ಅದನ್ನೇ ಹಿಡಿದಳು. "ಅಣ್ಣಾ, ಮಾರಾಟಕ್ಕ ಸಾಕಾವ್ರು ಡ್ರಾವರಿನ್ಯಾಗ ಇಟ್ಟಿರ್ತಾರ. ಸಾಲಕ್ಕ ಡ್ರಾವರು. ಅವೂ ತಿಂತಾವ, ತತ್ತಿ ಇಡ್ತಾವ." ನಿಜ, ಹಾಗೆ ಸಾವಿರಾರು ಹಾವು ಸಾಕುತ್ತಾರೆ. ಬಾಯ್ಲರ್ ಕೋಳಿಯೂ ಪಂಜರದಲ್ಲಿ ತಿನ್ನುತ್ತದೆ, ತೂಕ ಬರುತ್ತದೆ. ಅಷ್ಟರಿಂದ ಕೋಳಿ ಸುಖವಾಗಿದೆ ಅಂತ ನಾನಂತೂ ಹೇಳಲಾರೆ. ದೊಡ್ಡ ಜಾಗದಲ್ಲಿ ಸಣ್ಣ ಹಾವು ಹೆದರಿ ಊಟ ಬಿಡುತ್ತದೆ ಅನ್ನುವ ಮಾತಿನಲ್ಲಿ ಮಾತ್ರ ಸ್ವಲ್ಪ ಹುರುಳಿದೆ. ಆದರೆ ಅದು ಹೆದರುವುದು ಬಯಲಿಗೆ. ಆಫ್ರಿಕಾದ ಹುಲ್ಲುಗಾವಲಿನಲ್ಲಿ ಹುಟ್ಟುವ ಮರಿಗೆ ಯಾರು ಸಣ್ಣ ಪೆಟ್ಟಿಗೆ ಕೊಡುತ್ತಾರೆ? ಬಿಲ ಇರುತ್ತದೆ, ಹುಲ್ಲು ಇರುತ್ತದೆ. ಹಾಗೆ ದೊಡ್ಡ ಪೆಟ್ಟಿಗೆಯಲ್ಲಿ ಬಿಸಿಗೊಂದು ತಂಪಿಗೊಂದು ಅಡಗುಗೂಡು, ನಡುವೆ ತೊಗಟೆ, ಎಲೆ, ಕೊಂಬೆ ತುಂಬಿದರೆ ಈ ತುದಿಯಿಂದ ಆ ತುದಿಗೆ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಖಾಲಿ ಹಾಲ್ ಬೇರೆ, ಸಾಮಾನು ತುಂಬಿದ ಮನೆ ಬೇರೆ.

ಹುಡುಗನಿಗೆ ಫೋನ್ ಮಾಡಿದೆ. "ಮಾಮಾಂದು ತಪ್ಪಾತಪ್ಪಾ. ನೀ ಹೇಳಿದ್ದ ಖರೆ ಇತ್ತು" ಅಂದೆ. ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅಳತಿ ಹ್ಯಾಂಗ ಮಾಡೂದು ಮಾಮಾ? ಟೇಪ್ ಹಿಡಿದ್ರ ಅಕಿ ಸುತ್ಕೋತಾಳ" ಅಂದ. ಇದಕ್ಕಾದರೂ ನನ್ನ ಹತ್ತಿರ ಉತ್ತರ ಇತ್ತು. ನೂಲಿನ ಮನೆಯವನಲ್ಲವೇ. ದಾರ ತಗೊ, ಅವಳನ್ನು ಎಳೆಯಬೇಡ, ಅವಳು ಹರಿಯುವಾಗ ಬೆನ್ನಿನ ಮೇಲೆ ಹಾಗೇ ಬಿಡುತ್ತಾ ಹೋಗು, ಬಾಲದ ಹತ್ತಿರ ಗಂಟು ಹಾಕು, ಆಮೇಲೆ ದಾರ ಅಳೆ. ಮೂರು ಸಲ ಅಳೆದು ನಡುವಿನದನ್ನು ಹಿಡಿದ. ಮೂರಡಿ ಒಂದು ಇಂಚು. ಎರಡೂವರೆ ಅಡಿ ತೊಟ್ಟಿಯಲ್ಲಿ.

ತಂಗಿಯ ಗಂಡ ನಲವತ್ತು ಗ್ಯಾಲನ್ನಿನದು ತರೋಣ, ಮೂರಡಿ ಇರುತ್ತದೆ, ಸದ್ಯಕ್ಕೆ ಆಗುತ್ತದೆ ಅಂದರು. ಸದ್ಯಕ್ಕೆ ಅನ್ನುವುದೇ ತೊಂದರೆ. ಈಗಲೇ ಒಂದಿಂಚು ಕಡಿಮೆ, ಬರುವ ವರ್ಷ ಮತ್ತೆ ಇನ್ನೊಂದು. ಬೆಳೆಯುವ ಹುಡುಗನಿಗೆ ಚಡ್ಡಿ ಹೊಲಿಸಿದ ಹಾಗೆ ವರ್ಷ ವರ್ಷ ತೊಟ್ಟಿ ಕೊಳ್ಳುವ ಬದಲು ಕೊನೆಯದನ್ನು ಒಮ್ಮೆಲೇ ಕೊಳ್ಳುವುದು ಅಗ್ಗ. ಅದೂ ಗಾಜಿನದ್ದಲ್ಲ, ಪಿವಿಸಿ ಹಲಗೆಯದು. ಬಿಸಿಯನ್ನೂ ತೇವವನ್ನೂ ಹಿಡಿದಿಡುತ್ತದೆ, ಮುಂದಿನಿಂದ ತೆರೆಯುತ್ತದೆ. ಮೇಲಿನಿಂದ ಕೈ ಬಂದರೆ ಹಾವಿಗೆ ಹದ್ದು ಬಂದ ಹಾಗೆ. ಬೀಗ ಮಾತ್ರ ಗಟ್ಟಿ ಇರಬೇಕು, ಬೆರಳು ತೂರುವ ಸಂದಿಯಲ್ಲಿ ತಲೆ ತೂರಿಸಿ ಹೊರಟುಬಿಡುತ್ತವೆ. ಮೂರು ನಾಲ್ಕು ನೂರು ಡಾಲರಿನ ಮಾತು.

ಅವರು ಇನ್ನೊಂದು ಮಾತೂ ಅಂದರು, ಯಾರಿಗಾದರೂ ಕೊಟ್ಟುಬಿಡೋಣ, ಇಲ್ಲವೇ ಎಲ್ಲಾದರೂ ಕಾಡಿಗೆ ಬಿಡೋಣ. ಕಾಡಿಗೆ ಬಿಡುವುದು ಅಂತೂ ಬೇಡವೇ ಬೇಡ. ಫ್ಲೋರಿಡಾದ ಎವರ್‌ಗ್ಲೇಡ್ಸಿನಲ್ಲಿ ಸಾಕಿದ ಬರ್ಮಾ ಹೆಬ್ಬಾವುಗಳು ಹೊರಬಿದ್ದು ಸಂಸಾರ ಹೂಡಿ, ಅಲ್ಲಿನ ಮೊಲ, ರಕೂನುಗಳನ್ನೆಲ್ಲ ತಿಂದು ಮುಗಿಸುತ್ತಿವೆ. ಟೆಕ್ಸಸ್ಸಿನ ಚಳಿಗೆ ಉಂಡಿ ಒಂದು ಚಳಿಗಾಲವೂ ಉಳಿಯುತ್ತಿರಲಿಲ್ಲ. ಕೊಡುವುದು ಬೇರೆ ಪ್ರಶ್ನೆ. ಬಾಲ್ ಪೈಥಾನ್ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 2020ರಲ್ಲಿ ಅರವತ್ತೆರಡು ವರ್ಷದ ಅಜ್ಜಿ ಹಾವೊಂದು ಏಳು ಮೊಟ್ಟೆ ಇಟ್ಟಿತ್ತು, ಅದೂ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಗಂಡಿನ ಮುಖ ನೋಡದೆ! ಹುಡುಗ ಕಾಲೇಜಿಗೆ ಹೋದಮೇಲೆ ಇದನ್ನು ನೋಡುವವರು ಯಾರು ಅಂತ ತಂಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಉತ್ತರ ಈಗಲೂ ಸಿಕ್ಕಿಲ್ಲ.

ಆಮೇಲೆ ಅವಳೇ ಮೆಲ್ಲಗೆ ಹೇಳಿದಳು. "ಆ ಬಾಟ್ಲೀನೂ ಸಣ್ಣದ ಇತ್ತಲ್ಲಾ ಅಣ್ಣಾ." ಇಷ್ಟು ವರ್ಷ ಅವಳಿಗೂ ನೆನಪಿತ್ತು.

ಸರಿ, ಪೆಟ್ಟಿಗೆ ತರುವುದೆಂದಾಯಿತು. ಈಗ ಅವ್ವನಿಗೆ ಹೇಳುವವರು ಯಾರು? ನಾನೇ. ಸಂಜೆ ಅವ್ವ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಎಲ್ಲ ಹೇಳಿದೆ, ಮೀನಿನ ಸುಳ್ಳೂ ಸೇರಿಸಿ. ಅವ್ವ ಮೊರ ಕೆಳಗಿಟ್ಟಳು. ಎಷ್ಟೋ ಹೊತ್ತಿನ ಮೇಲೆ ತನ್ನ ತವರಿನ ಸುದ್ದಿ ತೆಗೆದಳು. ಅವಳ ತವರು ಸಾಂಗ್ಲಿ ಕಡೆ. ನಮ್ಮ ಶಹಾಪುರವೂ ಒಂದು ಕಾಲಕ್ಕೆ ಸಾಂಗ್ಲಿ ಸಂಸ್ಥಾನದ್ದೇ. ಬತ್ತೀಸ ಶಿರಾಳದಲ್ಲಿ ಪಂಚಮಿಗೆ ಜೀವಂತ ನಾಗರ ಹಿಡಿದು, ಮಣ್ಣಿನ ಗಡಿಗೆಯಲ್ಲಿಟ್ಟು, ಮೆರವಣಿಗೆ ಮಾಡುತ್ತಿದ್ದರು. ಬಾಂಬೆ ಹೈಕೋರ್ಟು ಹಿಡಿಯಬಾರದು ಅನ್ನುವ ಮುಂಚಿನ ಮಾತು. ಅವ್ವ ಸಣ್ಣವಳಿದ್ದಾಗ ನೋಡಿದ್ದಳಂತೆ. "ಗಡಿಗಿ ಬಾಯಿ ಬಿಚ್ಚಿದ ಕೂಡಲೆ ಹೆಂಗ ಎದ್ದು ನಿಲ್ಲತಿತ್ತು ಗೊತ್ತೇನ? ದೇವ್ರು ಅಂತ ಕೈ ಮುಗಿದ್ವಿ. ಈಗ ಅನಸ್ತದ, ಒಳಗ ಉಸಿರು ಕಟ್ಟಿತ್ತೋ ಏನೋ."

ಮತ್ತೆ ಮೊರ ಎತ್ತಿಕೊಂಡಳು. ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ.

"ಏನ್ ತಿನಸ್ತಾರ ಅದಕ್ಕ? ಹಾಲು?"

"ಹಾಂವು ಹಾಲು ಕುಡಿಯೂದಿಲ್ಲವ್ವಾ. ಇಲಿ."

"ಇಲಿ ಎಲ್ಲಿಂದ ತರ್ತಾರ?"

"ಬರ್ಫದಾಗ ಇಟ್ಟಿದ್ದು ಸಿಗ್ತಾವ. ಫ್ರಿಜ್ಜಿನ್ಯಾಗ ಇಟ್ಟಿರ್ತಾರ."

ಅವ್ವನ ಕೈ ನಿಂತಿತು. ಲಿಂಗ ಕಟ್ಟಿಕೊಂಡ ಹೆಂಗಸು, ಮೊಟ್ಟೆಯ ವಾಸನೆಗೇ ಎದ್ದು ಹೋಗುವವಳು. "ಕೊಬ್ರಿ ತುರಿ ಇಡೂ ಫ್ರಿಜ್ಜಿನ್ಯಾಗ?"

ನಾನು ಮಾತಾಡಲಿಲ್ಲ.

"ಹಾಂವಿಂದೇನೂ ಚಿಂತಿಲ್ಲ. ಅದರ ಪೆಟಗಿ ಎಷ್ಟರ ದೊಡ್ಡದಿರಲಿ. ನಾ ಹಾಲ್‌ನ್ಯಾಗ ಮಲಗತೀನಿ, ಐದಕ್ಕ ಏಳಾಕಿ ನಾ. ಇಲಿಗೆ ಮಾತ್ರ ಬ್ಯಾರೆ ಪೆಟಗಿ. ಅದು ತರೂತನಕ ಟಿಕೆಟ್ ತಗಸಬ್ಯಾಡ."

ಹೀಗೆ ಒಂದು ಪೆಟ್ಟಿಗೆ ಕೊಳ್ಳಲು ಹೋಗಿ ಎರಡು ಕೊಳ್ಳಬೇಕಾಯಿತು. ಸಣ್ಣ ಫ್ರೀಜರು ಹುಡುಗನ ಕೋಣೆಯಲ್ಲೇ, ಅವನ ಪುಸ್ತಕದ ಕಪಾಟಿನ ಕೆಳಗೆ ಬಂತು. ಅದಕ್ಕೆ ಅವನು ಎರಡು ತಿಂಗಳು ತನ್ನ ಪಾಕೆಟ್ ಮನಿ ಕೊಟ್ಟ. ಓದುವ ಮೇಜು ಹಾಲಿಗೆ ಹೋಯಿತು, ಅದಿದ್ದ ಜಾಗಕ್ಕೆ ನಾಲ್ಕಡಿ ಪೆಟ್ಟಿಗೆ. ಉಂಡಿಯನ್ನು ಒಳಗೆ ಬಿಟ್ಟಮೇಲೆ ಐದು ದಿನ ಹೊರಗೇ ಬರಲಿಲ್ಲವಂತೆ. ಹುಡುಗ ದಿನಾ ನನಗೆ ಮೆಸೇಜು, "ಇನ್ನೂ ಒಳಗೇ ಮಾಮಾ." ನನಗೋ, ಮತ್ತೆ ತಪ್ಪಾಯಿತಾ ಅಂತ ಎದೆ ಡವಡವ. ಆರನೆಯ ರಾತ್ರಿ ತಂಪಿನ ಗೂಡಿನಿಂದ ಹೊರಟು, ಹಿಂದಿನ ಗೋಡೆಗುಂಟ ನೆಟ್ಟಗೆ ಚಾಚಿಕೊಂಡು ಮಲಗಿದ್ದ ಫೋಟೋ ಬಂತು. ತಲೆಯಿಂದ ಬಾಲದವರೆಗೆ ಗೆರೆ ಎಳೆದ ಹಾಗೆ. ಎಂಟನೆಯ ದಿನ ಇಲಿ ತಿಂದಳು.

ಮೂತಿ ವಾಸಿಯಾಯಿತು. ತುದಿಯ ಒಂದು ಹುರುಪೆ ಮಾತ್ರ ಈಗಲೂ ಸೊಟ್ಟಗಿದೆ. ವಿಡಿಯೋದಲ್ಲಿ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಅವ್ವ ಆರು ತಿಂಗಳಿದ್ದು 2025ರ ಏಪ್ರಿಲ್‌ನಲ್ಲಿ ಬಂದಳು. ಹಾವನ್ನು ಮುಟ್ಟಲಿಲ್ಲ, ಆದರೆ ದಿನಾ ಸ್ನಾನವಾದ ಮೇಲೆ ಪೆಟ್ಟಿಗೆಯ ಮುಂದೆ ನಿಂತು ಕೈ ಮುಗಿಯುತ್ತಿದ್ದಳಂತೆ. ಬರುವಾಗ ಹುಡುಗ ಕೊಟ್ಟ ಕೆಂಪು ದಾರ ತಂದಳು, ಅದರಲ್ಲಿ ನಾಲ್ಕು ಗಂಟು. ಎರಡೆರಡು ತಿಂಗಳಿಗೊಮ್ಮೆ ಅಳೆದದ್ದು. ಕೊನೆಯ ಗಂಟು ಮೂರಡಿ ಏಳು ಇಂಚಿಗೆ.

2025ರ ಪಂಚಮಿಗೆ ಅವನೇ ಫೋನ್ ಮಾಡಿದ. "ಮಾಮಾ, ಈಗ ಮೂರ್ ಫೂಟ್ ಒಂಬತ್ತ್ ಇಂಚು. ಪೆಟಗಿ ನಾಕ್ ಫೂಟು. ಅಕಿ ಐದ್ ಫೂಟ್ ಆದ್ರ?"

ಈ ಸಲ ಬಾಯಲ್ಲಿ ಉಂಡಿ ಇರಲಿಲ್ಲ. "ತಡೀಯಪ್ಪಾ, ಓದಿ ಹೇಳತೀನಿ" ಅಂದೆ.